ಕೀರ್ತನ್ ಬದಲಿಸುತ್ತಿದ್ದ ಪಾಸ್‌ವರ್ಡ್

ಬ್ಯಾಂಕುಗಳು ಒಂದರ ಹಿಂದೊಂದು ಮಕಾಡೆ ಮಲಗುತ್ತಿದ್ದ 2009ರ ಚಳಿಗಾಲ. ಅಮೆರಿಕದ ಜರ್ಸಿ ಸಿಟಿಯ ಆ ಸಾಫ್ಟ್‌ವೇರ್ ಆಫೀಸಿನಲ್ಲಿ ಕನ್ನಡ ಬಲ್ಲವರು ಇಬ್ಬರೇ: ಮೈಸೂರಿನ ಅರ್ಪಿತಾ, ಮಂಗಳೂರಿನ ಕೀರ್ತನ್. ಆದರೂ ಅವರ ಮಾತು "ನೀವು ಬಿಲ್ಡ್ ನೋಡಿದ್ರಾ?" ಎನ್ನುವುದನ್ನು ಎಂದೂ ದಾಟಿರಲಿಲ್ಲ. ಅರ್ಪಿತಾ ಒಬ್ಬಳೇ ಉಣ್ಣುತ್ತಿದ್ದಳು. ಸಮರ್‌ಸೆಟ್‌ನ ಬಾಡಿಗೆ ಮನೆಗೆ ಹೋದೊಡನೆ ಟಿವಿ ಹಾಕುತ್ತಿದ್ದಳು, ಯಾರದಾದರೂ ದನಿ ಇರಲಿ ಎಂದು.

ಕೆಲಸ ಹೋದವರಲ್ಲಿ ಕೀರ್ತನ್ ಕೂಡ ಇದ್ದ. ಆ ಶುಕ್ರವಾರವೇ ಅವನ ಕೊನೆಯ ದಿನ. ಕೆಲಸದೊಂದಿಗೆ ವೀಸಾವೂ ಹೋದ ಮೇಲೆ ಭಾನುವಾರ ಊರಿಗೆ ಫ್ಲೈಟ್. ಅರ್ಪಿತಾಳ ಕೆಲಸ ಉಳಿದಿತ್ತು. ಮೈಸೂರಿನಲ್ಲಿ ಅಪ್ಪನ ಡಯಾಲಿಸಿಸ್ ಅದರ ಮೇಲೆಯೇ ನಿಂತಿತ್ತು.

ಸಾಫ್ಟ್‌ವೇರನ್ನು ತಾನಾಗಿಯೇ ಸರ್ವರ್‌ಗೆ ಕಳಿಸುವ ಪುಟ್ಟ ಪ್ರೋಗ್ರಾಮ್ ಕೀರ್ತನ್ ಬರೆದದ್ದೇ. ಅದರಲ್ಲಿ ಪಾಸ್‌ವರ್ಡನ್ನು ಎಲ್ಲರಿಗೂ ಕಾಣುವಂತೆ ಬರೆದುಬಿಟ್ಟಿದ್ದ. ಅದನ್ನು ಬದಲಿಸಿ, ಬೀಗವಿರುವ ಜಾಗದಲ್ಲಿ ಬಚ್ಚಿಡುವ ಕೆಲಸ ಅರ್ಪಿತಾಳ ತಲೆಗೆ ಬಂತು. ಇಷ್ಟು ಬುದ್ಧಿವಂತ, ಬಾಗಿಲಿಗೇ ಬೀಗದ ಕೈ ನೇತುಹಾಕಿದ್ದಾನಲ್ಲ ಎಂದು ಬೈದುಕೊಂಡೇ ಫೈಲ್ ತೆರೆದಳು.

ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚ ಕನ್ನಡ: ಅರ್ಪಿತಾ_ನಗು_ಮಾರಾಯ್ತಿ.

ಅವಳ ಕಿವಿ ಬಿಸಿಯಾಯಿತು. ಸದಾ 'ನೀವು' ಎನ್ನುವ ಗಂಭೀರ ಮನುಷ್ಯ ಇಲ್ಲಿ ಸಲೀಸಾಗಿ ಏಕವಚನಕ್ಕೆ ಇಳಿದಿದ್ದ!

ಫೈಲಿನಿಂದ ಅಳಿಸಿದರೆ ಸಾಲದು, ಹಳೆಯ ಪ್ರತಿಗಳಲ್ಲೂ ಅದು ಉಳಿದಿರುತ್ತದೆ. ಒಂದೊಂದಾಗಿ ಹಿಂದಕ್ಕೆ ಹೋದಳು. ಪಾಸ್‌ವರ್ಡ್ ಬದಲಿಸೆಂದು ಕಂಪನಿ ಪೀಡಿಸಿದಾಗಲೆಲ್ಲ ಅವನು ಒಂದು ಪ್ರಶ್ನೆ ಕೇಳಿದ್ದ. ಅರ್ಪಿತಾ_ಊಟ_ಆಯ್ತಾ. ಅರ್ಪಿತಾ_ಜ್ವರ_ಬಿಟ್ಟಿತಾ. ಅರ್ಪಿತಾ_ಯಾಕೆ_ಬೇಜಾರು. ತಾನು ಇದ್ದರೂ ಸತ್ತರೂ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂದು ಅವಳು ಅಂದುಕೊಂಡಿದ್ದ ದಿನಗಳವು. ಅಳು ಬಂತು, ಸಿಟ್ಟೂ ಬಂತು. ಆದರೂ ಕೆಲಸ ಕೆಲಸವೇ. ಎಲ್ಲವನ್ನೂ ಅಳಿಸಿದಳು.

ಸಂಜೆ ನ್ಯೂವರ್ಕ್ ಕಡೆಯ ಟ್ರೇನಿನಲ್ಲಿ ಕೀರ್ತನ್ ರಟ್ಟಿನ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟು ಕುಳಿತಿದ್ದ. ಅರ್ಪಿತಾ ಹೋಗಿ ಪಕ್ಕದಲ್ಲೇ ಕೂತಳು.

"ಪಾಸ್‌ವರ್ಡ್ ಎಲ್ಲಾ ತೆಗೆದೆ."

ಅವನ ಮುಖ ಕೆಂಪಾಯಿತು. "ಓದಿದ್ರಾ?"

"ಓದದೆ ಅಳಿಸೋದು ಹೇಗ್ರೀ? ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿಮಗೆ?"

ಅವನ ನೋಟ ಅವಳ ಓಲೆಯ ಬಳಿ ತಡೆದು, ಕಣ್ಣಿಗೆ ಬಂದು, ಹೆದರಿ ಮತ್ತೆ ಪೆಟ್ಟಿಗೆಗೆ ಇಳಿಯಿತು.

"ನೀವು ಅಂತ ಕೇಳ್ಲಿಕ್ಕೆ ಮನಸ್ಸಿರ್ಲಿಲ್ಲ. ನೀನು ಅನ್ಲಿಕ್ಕೆ ಧೈರ್ಯ ಇರ್ಲಿಲ್ಲ."

"ಈಗ ಅನ್ನಿ, ನೋಡೋಣ."

ಅವನು ಬಾಯಿ ತೆರೆಯುವಷ್ಟರಲ್ಲಿ ಹ್ಯಾರಿಸನ್ ಬಂತು. ಅದು ಅವನ ಸ್ಟೇಷನ್. ಪೆಟ್ಟಿಗೆ ಹಿಡಿದು ಇಳಿದವನು ಪ್ಲಾಟ್‌ಫಾರಂನಲ್ಲಿ ಗಕ್ಕನೆ ತಿರುಗಿದ.

"ಅರ್ಪಿತಾ, ನೀನು ಬರ್ತೀಯಾ? ಊರಿಗೆ, ನನ್ನೊಟ್ಟಿಗೆ?"

ಅವಳ ಜೀವವೆಲ್ಲ ಹೂಂ ಎನ್ನುತ್ತಿತ್ತು. ಅಪ್ಪನ ಮುಖ ಕಣ್ಣ ಮುಂದೆ ಬಂತು. ಬಾಗಿಲು ಮುಚ್ಚಿಕೊಳ್ಳುತ್ತಿದ್ದಂತೆ ಎದ್ದು ಅದರ ಬಳಿಗೆ ಓಡಿದಳು.

"ಈಗ ಆಗಲ್ಲ ಕಣೋ," ಎಂದು ಸಂದಿನಿಂದಲೇ ಕೂಗಿದಳು. "ಆದ್ರೆ ಕೇಳ್ತಾ ಇರು!"