ಓದದೆ ಬಿಟ್ಟ ಹದಿನೆಂಟು ಪುಟ

"ಕರುಣೆ ತೋರಿಸೋಕೆ ಬಂದಿದ್ರೆ ಬಾಗಿಲು ಅಲ್ಲೇ ಇದೆ!"

ಎನ್.ಆರ್. ಕಾಲೋನಿಯ ಆ ಹಳೆಯ ಮನೆಯಲ್ಲಿ ಚೈತನ್ಯಾಳಿಗೆ ಸಿಕ್ಕ ಸ್ವಾಗತ ಇದು. ಚಾಮರಾಜಪೇಟೆಯ ಶಾಲೆಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದ ಅವಳು, ಕಣ್ಣು ಕಾಣದವರಿಗೆ ಪುಸ್ತಕ ಓದಿಹೇಳಲು ತಾನಾಗಿಯೇ ಹೆಸರು ಕೊಟ್ಟಿದ್ದಳು. ಇಂಥ ಸಿಡುಕನ ಪಾಲಾಗುತ್ತೇನೆ ಎಂದು ಅವಳಿಗೇನು ಗೊತ್ತು!

"ಕರುಣೆ ತಂದಿಲ್ಲ ಸಾರ್. ಗಂಟಲು ತಂದಿದೀನಿ. ಯಾವ ಪುಸ್ತಕ ಓದ್ಲಿ?"

ಮಧುಸೂದನ್ ನಗು ತಡೆದುಕೊಂಡ. "ಆ ಬೀರುವಿನಲ್ಲಿರೋದನ್ನ. ಎಲ್ಲಾ ಸ್ಕಾಟ್ಲೆಂಡ್ ಬಗ್ಗೆನೇ. ಕಥೆ, ಕಾದಂಬರಿ ಒಂದೂ ಇಲ್ಲ... ನನಗೆ ನಿಜವಾಗಿ ನಡೆದಿದ್ದೇ ಬೇಕು. ಪ್ರತಿ ಪುಟಕ್ಕೂ ನಂಬರ್ ಹೇಳಿ. ಒಂದು ಸಾಲೂ ಬಿಡಬಾರದು."

ಗಣಿತದ ಮೇಷ್ಟ್ರಾಗಿದ್ದ ಅವನು ಆ ದೇಶ ನೋಡಲು ವರ್ಷಗಟ್ಟಲೆ ಓದಿ ತಯಾರಾಗಿದ್ದ. ಹೊರಡುವ ಹೊತ್ತಿಗೆ ಕಣ್ಣಿನ ನರ ಕೈಕೊಟ್ಟಿತು. ಎರಡು ವರ್ಷದಿಂದ ಹೊಸಿಲು ದಾಟಿರಲಿಲ್ಲ.

ಭಾನುವಾರಗಳು ಉರುಳಿದವು. ಬೆಟ್ಟದ ಜನರ ಚೌಕಳಿ ಬಟ್ಟೆಯನ್ನೇ ಸರ್ಕಾರ ನಿಷೇಧಿಸಿದ ಕಥೆ ಕೇಳಿ ಅವನು ಮುಷ್ಟಿ ಬಿಗಿಹಿಡಿದ. ಓಟ್ಸ್ ಗಂಜಿಯನ್ನು ಮೇಜಿನ ಡ್ರಾಯರಿಗೆ ಸುರಿದು, ಗಟ್ಟಿಯಾದ ಮೇಲೆ ಕತ್ತರಿಸಿ ತಿನ್ನುತ್ತಿದ್ದರಂತೆ ಎಂದಾಗ ಮಾತ್ರ ಅವನಿಗೆ ನಗು ತಡೆಯಲಾಗಲಿಲ್ಲ.

"ಅತ್ತೇ! ನಾಳೆಯಿಂದ ಪೊಂಗಲ್ ಡ್ರಾಯರಲ್ಲಿಡಿ!"

ಅಡುಗೆಮನೆಯಿಂದ ಇಣುಕಿದ ಆಂಡಾಳ್ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಣ್ಣನ ಮಗ ನಕ್ಕು ಎರಡು ವರ್ಷವಾಗಿತ್ತು.

'ಈ ನಗು ಕೇಳೋಕೆ ಎಷ್ಟು ಪುಟ ಬೇಕಾದ್ರೂ ಓದ್ತೀನಿ...' ಚೈತನ್ಯಾ ಅಂದುಕೊಂಡಳು. ಪ್ರೀತಿ ಶುರುವಾಗಿತ್ತು, ಹುಡುಗಿ ಒಪ್ಪಿಕೊಳ್ಳಲಿ ಬಿಡಲಿ.

ಆಮೇಲೆ ಒಂದು ಪುಸ್ತಕದ ಎಂಟನೇ ಅಧ್ಯಾಯ ಬಂತು.

ಕುರಿ ಮೇಯಿಸಲು ಜಾಗ ಬೇಕೆಂದು ಜಮೀನುದಾರರು ಬಡವರ ಮನೆಗಳ ಸೂರು ಕೀಳಿಸಿದ ಕಥೆ. ಮೊದಲ ಸಾಲುಗಳ ಮೇಲೆ ಕಣ್ಣಾಡಿಸಿದವಳು ಅಲ್ಲೇ ತಡೆದಳು. 'ಅಮ್ಮನ ಮುಖ ಬರುತ್ತೆ... ಗಟ್ಟಿಯಾಗಿ ಓದೋಕಾಗಲ್ಲ!'

ಬೆರಳು ತಾನಾಗಿ ಹದಿನೆಂಟು ಪುಟ ಮಗುಚಿತು.

"ಪುಟ ನೂರ ನಲವತ್ತೊಂದು," ಎಂದಳು. ನಿಜಕ್ಕೂ ಅದು ನೂರ ಐವತ್ತೊಂಬತ್ತು.

ಅಲ್ಲಿಂದ ಕೊನೆಯವರೆಗೂ ಪ್ರತಿ ಪುಟಕ್ಕೂ ಹದಿನೆಂಟು ಕಳೆದು ಹೇಳಬೇಕಾಯಿತು. ಅದೂ ಗಣಿತದ ಮೇಷ್ಟ್ರ ಮುಂದೆ! 

ಬಸವನಗುಡಿಯ ಓದುಗರ ಬಳಗದವರು ಅದೇ ಪುಸ್ತಕದ ಬಗ್ಗೆ ಮಾತಾಡಲು ಅವನನ್ನು ಕರೆದರು. ಅವಳ ತೋಳು ಹಿಡಿದು ಅವನು ಹೊಸಿಲು ದಾಟಿದ. ಆಟೋದಲ್ಲಿ ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅವನ ಮುಖದ ಸಂಭ್ರಮ ನೋಡಿ ಸುಮ್ಮನಾದಳು.

"ಆ ಬೆಟ್ಟದ ಜನ ತಾವಾಗಿಯೇ ಊರು ಬಿಟ್ಟು ಹಡಗು ಹತ್ತಿದರು..." ಅವನು ಮಾತಾಡುತ್ತಿದ್ದ.

ಮುಂದಿನ ಸಾಲಿನಲ್ಲಿದ್ದ ಹಿರಿಯರಾದ ಶ್ರೀನಿವಾಸಯ್ಯ ಎದ್ದರು. "ತಾವಾಗೇ ಎಲ್ಲಿ ಹೋದ್ರಪ್ಪ? ಮನೆ ಕಿತ್ತು ಓಡಿಸಿದ್ರು! ಎಂಟನೇ ಅಧ್ಯಾಯ ಪೂರ್ತಿ ಅದೇ ಇದೆಯಲ್ಲ... ನೀವು ಪುಸ್ತಕ ಓದಿದೀರಾ?"

ಹಿಂದೆ ಯಾರೋ ಕಿಸಕ್ಕೆಂದರು. ಮಧುಸೂದನ್ ಮೈಕು ಕೆಳಗಿಟ್ಟ.

"ಬಿಟ್ರಾ?" ಹೊರಗೆ ಬಂದವನೇ ಕೇಳಿದ.

"ಬಿಟ್ಟೆ... ಆದ್ರೆ..."

"ಕುರುಡನಿಗೆ ದುಃಖದ ಕಥೆ ಬೇಡ ಅಂತ ನೀವೇ ತೀರ್ಮಾನ ಮಾಡಿದ್ರಿ! ನಿಮ್ಮನ್ನ ನನ್ನ ಕಣ್ಣು ಅಂದ್ಕೊಂಡಿದ್ದೆ ಚೈತನ್ಯಾ. ಇನ್ಮೇಲೆ ಬರಬೇಡಿ."

ಮೂರು ವಾರ ಅವಳು ಊಟ ನಿದ್ದೆ ಮರೆತಳು. ಅವನು ಫೋನ್ ಎತ್ತಲಿಲ್ಲ. ತಾನೇ ಬೆಳಕಿಗೆ ತಂದವನನ್ನು ತಾನೇ ಮತ್ತೆ ಕತ್ತಲೆಗೆ ನೂಕಿದ್ದಳು. ಇದಕ್ಕೆ ಕ್ಷಮೆ ಎಲ್ಲಿದೆ?

ಕೊನೆಗೆ ಆಂಡಾಳ್ ಅತ್ತೆಯ ಫೋನ್ ಬಂತು. "ಪುಸ್ತಕನೆಲ್ಲ ಹಳೇ ಪೇಪರ್‌ನವನಿಗೆ ಹಾಕ್ಬಿಡಿ ಅಂತಿದಾನಮ್ಮ. ಅನ್ನ ಮುಟ್ತಿಲ್ಲ. ಒಂದ್ಸಲ ಬಂದ್ಬಿಡು..."

ಹಗ್ಗ ಬಿಗಿದ ಪುಸ್ತಕದ ಕಟ್ಟುಗಳ ನಡುವೆ ಅವನು ಕೂತಿದ್ದ. ಹೆಜ್ಜೆ ಸದ್ದಿಗೇ ಗುರುತು ಹಿಡಿದ.

"ಹೋಗಿ."

ಅವಳು ಅವನೆದುರು ಕೂತಳು. ಕಟ್ಟು ಬಿಚ್ಚಿ ಆ ಪುಸ್ತಕ ತೆರೆದಳು.

"ಪುಟ ನೂರ ನಲವತ್ತೊಂದು."

ಓದುತ್ತಾ ಹೋದಳು. ಸೂರು ಕಿತ್ತರು. ತೊಲೆ ಸುಟ್ಟರು. ಮನೆ ಹೋದವರು ಚರ್ಚಿನ ಸ್ಮಶಾನದಲ್ಲಿ ತಂಗಿದರು. ತಮ್ಮದು ಪಾಪಿಷ್ಠ ಪೀಳಿಗೆ, ಅದಕ್ಕೇ ಈ ಗತಿ ಎಂದು ಚರ್ಚಿನ ಕಿಟಕಿಯ ಗಾಜಿನ ಮೇಲೆ ಗೀಚಿದರು...

ಅಲ್ಲಿಗೆ ಅವಳ ದನಿ ನಿಂತಿತು.

"ನಮ್ಮಮ್ಮ ಇದನ್ನೇ ಅಂದಿದ್ಲು," ಎಂದಳು. "ಓಕಳಿಪುರದ ವಠಾರದಲ್ಲಿ ನಾನು ಹುಟ್ಟಿದ್ದು. ಜಾಗ ಮಾರೋಕೆ ಅಂತ, ನಾವು ಒಳಗಿದ್ದಾಗ್ಲೇ ಓನರ್ ಹೆಂಚು ಇಳಿಸಿದ್ರು. ಅಮ್ಮ ಸ್ಟೌವ್ ತಬ್ಕೊಂಡು ರೈಲ್ವೆ ಗೋಡೆ ಪಕ್ಕ ಕೂತ್ಲು. 'ನಾವೇನೋ ಪಾಪ ಮಾಡಿದೀವಿ ಕಣೇ' ಅಂತಾನೇ ಇದ್ಲು... ಮೂರು ತಿಂಗಳಲ್ಲಿ ಹೋಗ್ಬಿಟ್ಲು. ಅವರಾಗೇ ಖಾಲಿ ಮಾಡಿದ್ರು ಅಂತ ಎಲ್ರೂ ಅಂದ್ರು. ಅವತ್ತು ನಿಮ್ ಬಾಯಲ್ಲೂ ಅದೇ ಬಂತು. ಹಾಗೆ ಹೇಳಿಸಿದ್ದು ನಾನೇ!"

 ಅವನ ಕೈ ಪುಸ್ತಕವನ್ನು ಹುಡುಕುತ್ತಾ ಬಂದು, ಒದ್ದೆಯಾದ ಪುಟವನ್ನು ಮುಟ್ಟಿತು. ಅಲ್ಲೇ ಇದ್ದ ಅವಳ ಬೆರಳನ್ನು ಹಿಡಿಯಿತು.

"ನಾನು ಅದು ಕರುಣೆ ಅಂದ್ಕೊಂಡೆ..."

"ಕರುಣೆ ಅಲ್ಲ. ಭಯ. ಆಮೇಲೆ... ಪ್ರೀತಿ. ಅದನ್ನೂ ನಿಮಗೆ ಓದಿ ಹೇಳಲಿಲ್ಲ."

 "ಇನ್ನೆಷ್ಟು ಪುಟ ಇದೆ?"

"ಒಂಬತ್ತು. ಆದ್ರೆ ಅಕ್ಷರ ಕಾಣ್ತಿಲ್ಲ..."

"ಕಾಣದೇ ಇರೋದು ನಂಗೆ ಅಭ್ಯಾಸ ಇದೆ. ಅಳು ಮುಗಿಸು. ನಾನೆಲ್ಲೂ ಹೋಗಲ್ಲ... ನೀನೂ ಹೋಗಬೇಡ."

ಮೊದಲ ಸಲ 'ನೀನು' ಅಂದಿದ್ದ! ಅವಳು ಕಣ್ಣೊರೆಸಿಕೊಂಡು ಹಾಳೆ ತಿರುಗಿಸಿದಳು.

"ಪುಟ ನೂರ ಐವತ್ತು."

"ಹೂಂ... ಓದು," ಎಂದ ಅವನು, ಅವಳ ಕೈ ಬಿಡದೆ.