ಪುಟದ ಬುಡದಲ್ಲಿದ್ದ ಗುರುತು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಗಾಬ್ರೊವೊ ಊರಿನ ಠಾಣೆಗೆ ದೂರು ಬಂತು. ಗಂಡಂದಿರ ಏಟು ತಾಳದೆ ಓಡಿಬಂದ ಹೆಂಗಸರ ಆಶ್ರಯಮನೆಯ ಅಂಗಳದಲ್ಲಿ ಜ್ಲಾತ್ಕಾ ಎಂಬಾಕೆಯ ಕೊಲೆಯಾಗಿತ್ತು. ಇನ್ಸ್‌ಪೆಕ್ಟರ್ ಲ್ಯುಬೆನ್ ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಕೀನಾಳೊಂದಿಗೆ ಹೋಗಿ ಪಂಚನಾಮೆ ಮುಗಿಸಿದ. ಅನುಮಾನವೆಲ್ಲ ಗಂಡ ಕ್ರುಮ್ ಮೇಲೆ. ಆದರೆ ಆ ಮನೆಯ ವಿಳಾಸ ಗುಟ್ಟಾಗಿತ್ತು. ಅದು ಹೇಗೆ ಹೊರಬಿತ್ತೆಂದು ತಿಳಿಯದಿದ್ದರೆ ಒಳಗಿದ್ದ ಉಳಿದ ಹೆಂಗಸರ ಜೀವಕ್ಕೂ ಭರವಸೆ ಇರಲಿಲ್ಲ.

ಎಲ್ಲರೂ ಅಡುಗೆಯ ಪೇನಾಳ ಕಡೆ ಬೆರಳು ಮಾಡಿದರು.

“ನನ್ನ ನಾಲಿಗೆ ಬಿದ್ದೋಗ್ಲಿ ಸಾಹೇಬ್ರೇ, ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ!”

ಪಾಪ, ಆಕೆ ನಿಜವನ್ನೇ ಹೇಳುತ್ತಿದ್ದಳು.

ಕೀನಾ ಆಶ್ರಯಮನೆಯ ಜಾಲತಾಣ ತೆರೆದಳು. ಪ್ರತಿ ಪುಟದ ಬುಡದಲ್ಲೂ ಉದ್ದನೆಯದೊಂದು ಸಂಖ್ಯೆ. ತಾಣ ಕಟ್ಟಿದ ಆಸೆನ್‌ನನ್ನು ಠಾಣೆಗೆ ಕರೆಸಿದರು.

“ಇದೇನಪ್ಪಾ?”

“ಡೇಟಾಬೇಸ್ ಸರ್ವರ್, ಅಂದ್ರೆ ತಾಣದ ಮಾಹಿತಿ ಇಡೋ ಯಂತ್ರ, ಅದರ ಗುರುತು ಮೇಡಂ. ಒಂದೊಂದಕ್ಕೆ ಒಂದೊಂದು. ಪುಟ ಕೆಟ್ಟಿದೆ ಅಂತ ಫೋನ್ ಬಂದ್ರೆ ಇದನ್ನ ಓದಿ ಅಂತೀವಿ. ಯಾವ ಸರ್ವರ್ ಅಂತ ತಕ್ಷಣ ಗೊತ್ತಾಗುತ್ತೆ.”

“ಎಲ್ಲರಿಗೂ ಕಾಣುತ್ತಾ?”

“ಕಂಡ್ರೆ ಏನಾಯ್ತು? ಬರೀ ಸಂಖ್ಯೆ ತಾನೇ?”

ಕೀನಾ ಆ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಿದಳು. ಮುಚ್ಚಿಹೋದ ಶಿಶುವಿಹಾರವೊಂದರ ಹಳೆಯ ಊಟದ ಪಟ್ಟಿಯ ಪುಟ ಸಿಕ್ಕಿತು: ಮಸೂರ ಬೇಳೆಯ ಸೂಪು, ಮೊಸರು. ಬುಡದಲ್ಲಿ ಅದೇ ಗುರುತು, ತಲೆಯಲ್ಲಿ ವಿಳಾಸ. ಆಶ್ರಯಮನೆ ಇದ್ದದ್ದು ಅದೇ ಕಟ್ಟಡದಲ್ಲಿ.

“ನೆಲಮಾಳಿಗೇಲಿ ಶಿಶುವಿಹಾರದ ಹಳೇ ಸರ್ವರ್ ಚೆನ್ನಾಗೇ ಇತ್ತು,” ಎಂದ ಆಸೆನ್. “ಎಸೆಯೋಕೆ ಮನಸ್ಸು ಬರ್ದೆ ಅದನ್ನೇ ಬಳಸ್ದೆ. ಈಗ್ಲೇ ಆ ಗುರುತು ಅಳಿಸ್ತೀನಿ.”

“ಮಿಂಚಿ ಹೋದ ಕಾರ್ಯ ಬಿಡು,” ಎಂದ ಲ್ಯುಬೆನ್.

ಮರುದಿನ ಲ್ಯುಬೆನ್, ಕೀನಾ ಇಬ್ಬರೂ ಕ್ರುಮ್‌ನ ಊರಾದ ಪ್ಲೆವೆನ್‌ಗೆ ಹೋದರು. ಸತ್ತವರ ಫೋಟೋ ಹಾಕಿ ಬಾಗಿಲಿಗೆ ಸಾವಿನ ಪತ್ರ ಅಂಟಿಸುವುದು ನಮ್ಮ ಕಡೆಯ ರೂಢಿ. ಕ್ರುಮ್ ಮನೆಯ ಬಾಗಿಲಲ್ಲಿ ಜ್ಲಾತ್ಕಾಳ ಪತ್ರವಿತ್ತು. ಕಾಗದ ಬಿಸಿಲಿಗೆ ಹಳದಿಯಾಗಿತ್ತು. ತಾರೀಕು ಹಿಂದಿನ ಸೆಪ್ಟೆಂಬರಿನದು.

“ನಿನ್ನೆ ಸತ್ತವಳ ಪತ್ರ ಇಷ್ಟು ಹಳೇದು ಹೇಗಾಯ್ತೋ?” ಎಂದು ಲ್ಯುಬೆನ್ ಕೇಳಿದ.

ಕ್ರುಮ್ ಬಾಗಿಲಿಗೆ ಒರಗಿದ.

“ಓಡಿಹೋದ್ಲು ಅಂತ ಯಾವ ಬಾಯಲ್ಲಿ ಹೇಳ್ಲಿ? ಸತ್ತಳು ಅಂದೆ. ನೆರೆಯವ್ರು ಬಂದು ಅತ್ರು. ತಿಥಿಗೆ ಬೇಯಿಸಿದ ಗೋಧಿ ಹಂಚಿದೆ.”

“ಆಮೇಲೆ?”

“ಅವಳ ತಂಗಿಗೆ ಫೋನ್ ಮಾಡಿ, ಗಾಬ್ರೊವೊದ ಆಶ್ರಯಮನೇಲಿದೀನಿ ಅಂದ್ಲಂತೆ. ಬದುಕಿದ್ದಾಳೆ ಅಂತ ಇಡೀ ಕಟ್ಟಡ ನಗೋಕೆ ಶುರು ಮಾಡ್ತು. ಹೆಂಗಸಿನ ಹೆಸ್ರಲ್ಲಿ ಆಶ್ರಯ ಕೇಳಿ ಅವರ ತಾಣದಲ್ಲಿ ಬರೆದೆ. ಉತ್ತರ ಬಂದ ಪುಟದ ಬುಡದಲ್ಲಿ ಆ ಸಂಖ್ಯೆ ಇತ್ತು. ಹುಡುಕಿದೆ, ಅಷ್ಟೇ.”

ಕ್ರುಮ್‌ನನ್ನು ಬಂಧಿಸಿದರು. ಆಡಿದ ಸುಳ್ಳನ್ನು ನಿಜ ಮಾಡುವುದಕ್ಕೆಂದೇ ಅವನು ಹೆಂಡತಿಯನ್ನು ಕೊಂದಿದ್ದ. ಥೂ, ಇದೂ ಒಂದು ಮಾನವೇ! ಅತ್ತ ಆಶ್ರಯಮನೆಯ ಹೆಂಗಸರು ಮತ್ತೆ ಗಂಟುಮೂಟೆ ಕಟ್ಟಿದರು. ಎಲ್ಲಿಗೆ ಎಂದು ಅವರಿಗೇ ಗೊತ್ತಿರಲಿಲ್ಲ.

ಹಳೆಯ ಪತ್ರವನ್ನು ಲ್ಯುಬೆನ್ ಸಾಕ್ಷಿಗೆಂದು ಕಿತ್ತುಕೊಂಡು ಬಂದಿದ್ದ. ನೆರೆಯವರು ಹೊಸದು ಅಂಟಿಸಿದರು. ಅದೇ ಫೋಟೋ, ಅವೇ ಮಾತುಗಳು. ತಾರೀಕು ಮಾತ್ರ ಬೇರೆ.