ಹಾಡುವ ಮಿಷಿನ್ ಬೇಡ!

"ಇದು ಬೇಡ ಅಂದ್ರೆ ಬೇಡ!"

ಮೆಣಸು ಕೂಗಿದ ರಭಸಕ್ಕೆ ಅಂಗಡಿಯ ಆ ತುದಿಯಲ್ಲಿ ಫ್ರಿಜ್ಜಿನೊಳಗೆ ಇಣುಕುತ್ತಿದ್ದ ಅಜ್ಜನೊಬ್ಬ ತಲೆ ಹೊರಗೆ ತೆಗೆದು ನೋಡಿದ. ಗೋಡೆಯ ಮೇಲಿನ ಟೀವಿಗಳಲ್ಲಿ ಮಾತ್ರ ಒಂದೇ ಮೀನು, ತನಗೇನೂ ಸಂಬಂಧವಿಲ್ಲ ಎಂಬಂತೆ ಈಜುತ್ತಲೇ ಇತ್ತು.

ಸ್ಕೂಲಿನಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವವಳನ್ನು ಮನೆಯವರು ಇನ್ನೇನೆಂದು ಕರೆದಾರು? ಮೆಣಸು! ಅವಳ ಬೆನ್ನ ಹಿಂದೆ ಫ್ರಾಕಿನ ತುದಿ ಹಿಡಿದು ನಿಂತವನು ತಮ್ಮ. ಒಂದನೇ ಕ್ಲಾಸು. ಸ್ವಲ್ಪ ಗದರಿದರೂ ಕರಗಿ ನೀರಾಗುವ ಅವನ ಹೆಸರು ಬೆಣ್ಣೆ.

"ಯಾಕೆ ಬೇಡ? ಕಾರಣ ಹೇಳು" ಎಂದಳು ಅಮ್ಮ.

"ಬಣ್ಣ ಚೆನ್ನಾಗಿಲ್ಲ."

"ಅದು ಬಟ್ಟೆ ಒಗೆಯೋ ಮಿಷಿನ್ನು ಕಣೇ. ನಿನ್ನ ಹೇರ್ ಬ್ಯಾಂಡಿಗೆ ಮ್ಯಾಚ್ ಆಗ್ಬೇಕಾ?"

ಅಮ್ಮನಿಗೆ ಬೇಕರಿಯಲ್ಲಿ ಕೆಲಸ. ಅಪ್ಪನಿಗೆ ಗ್ಯಾರೇಜಿನಲ್ಲಿ. ಒಬ್ಬರ ಬಟ್ಟೆ ತುಂಬ ಹಿಟ್ಟು, ಇನ್ನೊಬ್ಬರ ಬಟ್ಟೆ ತುಂಬ ಗ್ರೀಸು. ಅಂಥ ಮನೆಗೆ ಮಿಷಿನ್ ಆರಿಸುವುದೆಂದರೆ ಹುಡುಗಾಟವೇ? ಡ್ಯೂಟಿಗೆ ಹೋಗುವ ಮುನ್ನ ಅಪ್ಪ ಹೇಳಿದ್ದು ಒಂದೇ ಮಾತು. "ನೋಡೋಕೆ ಹೇಗಾದ್ರೂ ಇರ್ಲಿ, ನಂಬಿಕಸ್ಥವಾಗಿರ್ಬೇಕು."

ಅಮ್ಮ ಬೆಳಿಗ್ಗೆಯಿಂದ ಒಂದೊಂದೇ ಮಿಷಿನ್ನಿಗೆ ಪರೀಕ್ಷೆ ಇಟ್ಟಿದ್ದಳು. ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡಿದಳು. ಒಳಗೆ ಕೈ ಹಾಕಿ ಡ್ರಮ್ ತಿರುಗಿಸಿದಳು. ಒಂದರ ಹಿಡಿಕೆ ಆಗಲೇ ಲಟಲಟ ಎಂದಿತು, ಫೇಲ್. ಇನ್ನೊಂದರ ಬಿಡಿಭಾಗಗಳಿಗೆ ಕಾಯಬೇಕಂತೆ, ಫೇಲ್. ಎಲ್ಲದರಲ್ಲೂ ಪಾಸಾದದ್ದು ಇದೊಂದೇ. ಗಟ್ಟಿ ಸ್ಟೀಲಿನ ಡ್ರಮ್ಮು. ಮೋಟಾರಿಗೆ ವರ್ಷಗಟ್ಟಲೆ ಗ್ಯಾರಂಟಿ. ರಿಪೇರಿಯವನು ಪಕ್ಕದ ಬೀದಿಯಲ್ಲೇ ಇದ್ದ.

"ಇನ್ನೊಂದು ಸ್ಪೆಷಾಲಿಟಿ ಇದೆ ಮೇಡಂ" ಎಂದು ಸೇಲ್ಸ್‌ಮನ್ ಗುಂಡಿ ಒತ್ತಿದ. "ಬಟ್ಟೆ ಒಗೆದು ಮುಗೀತು ಅಂದ್ರೆ ಹಾಡುತ್ತೆ!"

ಮಿಷಿನ್ನು ಹಾಡಿತು. ಟಿರಿರೀ ಟಿರಿರೀ ಎಂದು ಶುರುವಾದದ್ದು ಏರಿ, ಇಳಿದು, ಮತ್ತೆ ಏರಿ, ಇಡೀ ಅಂಗಡಿಗೆ ಕೇಳಿಸಿತು.

"ಆಹಾಹಾ!" ಎಂದ ಜೊತೆಗೆ ಬಂದಿದ್ದ ಚಿಕ್ಕಪ್ಪ. "ಇದೇ ಇರ್ಲಿ ಅತ್ತಿಗೆ. ಇದನ್ನ ಬಿಟ್ಟು ಬೇರೆ ನೋಡೋದೇ ಬೇಡ."

ಮೆಣಸು ಕೂಗಿದ್ದು ಆಗಲೇ.

ಚಿಕ್ಕಪ್ಪ ಕೆಟ್ಟವನೇನಲ್ಲ. ಆದರೆ ಅವನ ಬಾಯಿಗೆ ಬೀಗವಿಲ್ಲ. ಅವನು ಓಡಿಸುವುದು ಸ್ಕೂಲ್ ವ್ಯಾನು. ಹೋದ ವರ್ಷ ಮೆಣಸು ಬಾತ್‌ರೂಮಿನಲ್ಲಿ ಸಿಕ್ಕಿಹಾಕಿಕೊಂಡು ಅತ್ತದ್ದನ್ನು ಅವನು ವ್ಯಾನಿನ ಮಕ್ಕಳಿಗೆಲ್ಲ ಅಭಿನಯ ಮಾಡಿ ತೋರಿಸಿದ್ದ. ಪರೀಕ್ಷೆ ಮುಗಿಯುವವರೆಗೂ ಅವಳನ್ನು ಎಲ್ಲರೂ ಬಾತ್‌ರೂಮ್ ರಾಣಿ ಎಂದೇ ಕರೆದರು. ಅದೇ ವ್ಯಾನಿನಲ್ಲಿ ಈಗ ಬೆಣ್ಣೆಯೂ ಹೋಗುತ್ತಿದ್ದ, ಅವನ ಅರ್ಧ ಕ್ಲಾಸೂ ಹೋಗುತ್ತಿತ್ತು.

ಮತ್ತೆ ಬೆಣ್ಣೆ ಈಗಲೂ ಕೆಲವು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ.

ಅದು ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. "ಯಾರಿಗೂ ಹೇಳ್ಬೇಡ" ಎಂದು ಅವನು ಬಿಕ್ಕಿದ್ದ. ಅವಳು ಅವನ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದಳು. ಎಲ್ಲರೂ ಏಳುವ ಮುಂಚೆ ಬೆಡ್‌ಶೀಟನ್ನು ಮಿಷಿನ್ನಿಗೆ ಹಾಕುವುದು, ಆಮೇಲೆ ಅಪ್ಪನ ಪ್ಯಾಂಟುಗಳ ಹಿಂದೆ ಒಣಹಾಕುವುದು ಅವಳ ಕೆಲಸ. ಮಿಷಿನ್ ಇದ್ದದ್ದು ಹಾಲಿನ ಮೂಲೆಯಲ್ಲಿ. ಚಿಕ್ಕಪ್ಪ ಮಲಗುತ್ತಿದ್ದದ್ದೂ ಹಾಲಿನಲ್ಲೇ. ಹಳೆ ಮಿಷಿನ್ನಿನ ಬಝರ್ ಯಾವತ್ತೋ ಸತ್ತಿತ್ತು, ಆದರೆ ಅದು ಧಡಧಡ ಕುಣಿಯುತ್ತಿತ್ತು. ಕುಣಿದರೂ ಸದ್ದಾಗಬಾರದೆಂದು ಮೆಣಸು ಅದರ ಅಡಿಗೆ ಹಳೆ ರಗ್ಗೊಂದನ್ನು ತುರುಕಿದಳು. ರಗ್ಗು ಬೆಲ್ಟಿಗೆ ಸಿಕ್ಕಿತು. ಸುಟ್ಟ ವಾಸನೆ ಬಂತು. ಮಿಷಿನ್ನಿನ ಕತೆ ಮುಗಿಯಿತು.

ರಿಪೇರಿಯವನು ಒಳಗಿಂದ ಕರಿ ಚಿಂದಿಗಳನ್ನು ಎಳೆದೆಳೆದು ತೆಗೆದಾಗ ಮೆಣಸು ಸೂರು ನೋಡುತ್ತ ನಿಂತಿದ್ದಳು. "ಇಲಿ ಕೆಲಸ!" ಎಂದು ಚಿಕ್ಕಪ್ಪನೇ ತೀರ್ಪು ಕೊಟ್ಟಿದ್ದ. ಪಾಪದ ಇಲಿ.

ಈಗ ಈ ಹಾಡು! ಧಡಧಡ ಸದ್ದಿಗೂ ಏಳದ ಚಿಕ್ಕಪ್ಪ ಹಾಡು ಕೇಳಿಸಿದರೆ ನಿದ್ದೆಯಲ್ಲೂ ಎದ್ದು ಕೂತು ತಾಳ ಹಾಕುವವನು. ಬೆಳ್ಳಂಬೆಳಿಗ್ಗೆ ಯಾಕೆ ಒಗೀತಿದೀರಿ, ಏನು ಒಗೀತಿದೀರಿ ಎಂದು ಕೇಳದೆ ಬಿಟ್ಟಾನೆಯೇ? ಎಂಟು ಗಂಟೆಗೆ ವ್ಯಾನಿನಲ್ಲಿ ಅಭಿನಯವೇ ನಡೆದುಹೋಗುತ್ತದೆ.

"ಅಂಕಲ್, ಹಾಡನ್ನ ಆಫ್ ಮಾಡ್ಬಹುದಾ?" ಮೆಣಸು ಸೇಲ್ಸ್‌ಮನ್ನನ್ನು ಕೇಳಿದಳು.

"ಆಫ್ ಮಾಡೋದಾ? ಜನ ಅದಕ್ಕೇ ತಗೊಳ್ಳೋದು ಪುಟ್ಟಾ. ಆಫ್ ಮಾಡೋಕಾಗಲ್ಲ."

"ಹಾಗಿದ್ರೆ ಬೇಡ."

"ಬಿಲ್ ಮಾಡಿಬಿಡಿ" ಎಂದಳು ಅಮ್ಮ.

ಮೆಣಸು ಹೋಗಿ ಮಿಷಿನ್ನಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಕೈ ಕಟ್ಟಿಕೊಂಡಳು.

"ಏಳೇ!"

"ಏಳಲ್ಲ."

"ಎಲ್ರೂ ನೋಡ್ತಿದಾರೆ."

"ನೋಡ್ಲಿ."

"ಇದರಲ್ಲಿ ಏನು ಕೊರತೆ ಇದೆ? ಒಂದು ಹೇಳು, ಬಿಟ್ಟುಬಿಡ್ತೀನಿ!" ಅಮ್ಮನ ಮುಖ ಕೆಂಪಾಗಿತ್ತು. ಒಂದು ದಿನದ ರಜ ಹಾಕಿ ಬಂದಿದ್ದಳು, ನಿಂತು ನಿಂತು ಕಾಲು ನೋಯುತ್ತಿತ್ತು.

ಮೆಣಸಿಗೆ ಹೇಳಲು ಒಂದೇ ಒಂದು ಕಾರಣವಿತ್ತು, ಅದನ್ನೇ ಹೇಳುವ ಹಾಗಿರಲಿಲ್ಲ. ಅಳು ಬರುತ್ತಿರುವುದಕ್ಕೂ ಅವಳಿಗೆ ಸಿಟ್ಟೇ ಬಂತು.

"ನಂಗಿಷ್ಟ ಇಲ್ಲ. ಅಷ್ಟೇ!"

"ಹಠ ಅಂದ್ರೆ ಹಠ" ಎಂದ ಚಿಕ್ಕಪ್ಪ. "ಎತ್ತಿಕೊಂಡು ಹೊರಗೆ ಕೂರಿಸ್ತೀನಿ ತಾಳಿ ಅತ್ತಿಗೆ."

"ಮನೆಗೆ ನಡಿ, ಇವತ್ತು ನಿನಗಿದೆ" ಎಂದು ಅಮ್ಮ ಅವಳ ರಟ್ಟೆ ಹಿಡಿದಳು. "ಯಾರ ಕಷ್ಟಾನೂ ಅರ್ಥ ಆಗಲ್ಲ ನಿನಗೆ. ಬರೀ ಸ್ವಾರ್ಥ!"

ಆ ಮಾತು ಮೆಣಸಿಗೆ ಚುರುಕ್ಕೆಂದಿತು.

"ಅಕ್ಕನ್ನ ಬಿಡು!"

ಯಾರು ಕೂಗಿದ್ದು? ಮೆಣಸಿಗೆ ಒಂದು ಕ್ಷಣ ಗೊತ್ತೇ ಆಗಲಿಲ್ಲ. ಅಷ್ಟು ದೊಡ್ಡ ದನಿ ಬೆಣ್ಣೆಯೊಳಗೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ.

"ನಾನು ಹಾಸಿಗೇಲಿ ಉಚ್ಚೆ ಮಾಡ್ಕೋತೀನಿ!" ಎಂದ ಬೆಣ್ಣೆ.

"ಲೋ, ಸುಮ್ನಿರೋ" ಎಂದಳು ಮೆಣಸು.

"ಅಕ್ಕ ಬೆಳಿಗ್ಗೆ ಎದ್ದು ಒಗೀತಾಳೆ. ಈ ಮಿಷಿನ್ ಹಾಡಿದ್ರೆ ಚಿಕ್ಕಪ್ಪಂಗೆ ಗೊತ್ತಾಗುತ್ತೆ. ಚಿಕ್ಕಪ್ಪ ವ್ಯಾನಲ್ಲಿ ಹೇಳ್ತಾನೆ. ಅದಕ್ಕೇ ಅವಳು ಬೇಡ ಅಂದಿದ್ದು. ರಗ್ಗು ತುರುಕಿದ್ದೂ ಇಲಿ ಅಲ್ಲ, ಅಕ್ಕನೇ!"

ಫ್ರಿಜ್ಜಿನ ಅಜ್ಜ ಈಗ ಪೂರ್ತಿ ಇತ್ತ ತಿರುಗಿ ನಿಂತಿದ್ದ. ಸೇಲ್ಸ್‌ಮನ್ ಮಿಷಿನ್ನಿನ ಮೇಲಿಲ್ಲದ ಧೂಳು ಒರೆಸತೊಡಗಿದ. ಚಿಕ್ಕಪ್ಪನ ತುಟಿಯಂಚು ಸ್ವಲ್ಪ ಅಲ್ಲಾಡಿತು.

"ನಕ್ಕರೆ ನೋಡು!" ಮೆಣಸು ಎದ್ದು ನಿಂತಳು.

"ನಗ್ಲಿ ಬಿಡು" ಎಂದ ಬೆಣ್ಣೆ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಆದರೆ ಅವನು ಚಿಕ್ಕಪ್ಪನ ಮುಖವನ್ನೇ ನೋಡುತ್ತಿದ್ದ. "ವ್ಯಾನಲ್ಲೂ ಹೇಳು. ಇಲ್ಲಾಂದ್ರೆ ನಾನೇ ಹೇಳ್ತೀನಿ. ನಂಗೇನು?"

"ನಾನ್ಯಾಕಪ್ಪಾ ಹೇಳ್ಲಿ" ಎಂದ ಚಿಕ್ಕಪ್ಪ, ತನ್ನ ಚಪ್ಪಲಿ ನೋಡಿಕೊಳ್ಳುತ್ತ.

ಅಮ್ಮ ರಟ್ಟೆ ಬಿಟ್ಟಳು. ಕುಕ್ಕರಗಾಲಲ್ಲಿ ಕೂತು ಬೆಣ್ಣೆಯ ಮೂಗು ಒರೆಸಿದಳು. ಆಮೇಲೆ ಮೆಣಸಿನ ಕಡೆ ತಿರುಗಿದಳು.

"ಇಷ್ಟು ದಿನ ಒಬ್ಳೇ ಒಗೀತಿದ್ಯಾ?"

"ಮಾತು ಕೊಟ್ಟಿದ್ದೆ."

"ನನಗೂ ಹೇಳಬಾರದು ಅಂತ ಅನ್ನಿಸ್ತಾ?"

"ಯಾರಿಗೂ ಅಂದ್ರೆ ಯಾರಿಗೂ."

ಅಮ್ಮ ತಾನು ಹಿಡಿದಿದ್ದ ಅವಳ ರಟ್ಟೆ ಸವರಿದಳು. "ಸ್ವಾರ್ಥ ಅಂದೆ ನಿನ್ನ. ತಪ್ಪಾಯ್ತು" ಎಂದಳು. ದೊಡ್ಡವರು ಹಾಗೆ ಹೇಳಿದಾಗ ಏನು ಮಾಡಬೇಕೆಂದು ತಿಳಿಯದೆ ಮೆಣಸು ಮೂಗು ಊದಿಸಿಕೊಂಡೇ ನಿಂತಳು.

ಅಮ್ಮ ಎದ್ದು ಸೇಲ್ಸ್‌ಮನ್ನಿಗೆ ಹೇಳಿದಳು. "ಹಾಡದೇ ಇರೋದು ಯಾವುದಿದೆ, ಅದನ್ನ ತೋರ್ಸಿ."

"ಅದೊಂದಿದೆ ಮೇಡಂ" ಎಂದು ಅವನು ತೋರಿಸಿದ್ದು ಆ ಲಟಲಟ ಹಿಡಿಕೆಯ ಮಿಷಿನ್ನನ್ನು.

"ಅದು ಬೇಡ" ಎಂದ ಬೆಣ್ಣೆ. "ಅದು ಫೇಲ್ ಆಗಿದೆಯಲ್ಲ? ಇದೇ ಇರ್ಲಿ. ಹಾಡೋದೇ ಇರ್ಲಿ."

"ನಿಜವಾಗ್ಲೂ?" ಎಂದಳು ಮೆಣಸು.

"ಈಗ ಎಲ್ರಿಗೂ ಗೊತ್ತಾಯ್ತಲ್ಲ. ಹಾಡಿದ್ರೆ ಹಾಡ್ಲಿ!"

ಹೊಸ ಮಿಷಿನ್ನು ಹಾಲಿನ ಮೂಲೆಗೆ ಬಂತು. ಕೆಲವು ದಿನ ಹಿಟ್ಟು ಒಗೆಯಿತು, ಗ್ರೀಸು ಒಗೆಯಿತು, ಪ್ರತಿ ಸಲವೂ ಹಾಡಿತು.

ಒಂದು ಬೆಳಿಗ್ಗೆ ಮೆಣಸಿಗೆ ಥಟ್ಟನೆ ಎಚ್ಚರವಾಯಿತು. ಪಕ್ಕದ ಹಾಸಿಗೆ ಖಾಲಿ. ಬೆಡ್‌ಶೀಟ್ ಇರಲಿಲ್ಲ. ಅವಳು ಹಾಲಿಗೆ ಓಡಿದಳು. ಬೆಣ್ಣೆ ಮಿಷಿನ್ನಿನ ಮುಂದೆ ಕೂತು, ಗಾಜಿನ ಬಾಗಿಲೊಳಗೆ ಗಿರಗಿರ ತಿರುಗುವ ತನ್ನ ಬೆಡ್‌ಶೀಟನ್ನು ನೋಡುತ್ತಿದ್ದ.

"ನನ್ನ ಎಬ್ಬಿಸೋದಲ್ವೇನೋ?"

"ಗುಂಡಿ ಒತ್ತೋದು ತಾನೆ. ನಂಗೂ ಬರುತ್ತೆ."

ಅಷ್ಟರಲ್ಲಿ ಹಾಡು ಶುರುವಾಯಿತು. ಟಿರಿರೀ ಟಿರಿರೀ! ಚಿಕ್ಕಪ್ಪನ ಹೊದಿಕೆ ಅಲ್ಲಾಡಿತು. ಮೆಣಸು ಸೊಂಟದ ಮೇಲೆ ಕೈಯಿಟ್ಟು, ಜಗಳಕ್ಕೆ ತಯಾರಾಗಿ ನಿಂತಳು. ಹೊದಿಕೆಯೊಳಗಿಂದ ನಿದ್ದೆಗಣ್ಣಿನ ದನಿ ಬಂತು.

"ಯಾರದಪ್ಪಾ ಇಷ್ಟು ಬೇಗ?"

"ನಂದೇ!" ಎಂದ ಬೆಣ್ಣೆ.

"ಹ್ಞೂಂ" ಎಂದ ಚಿಕ್ಕಪ್ಪ. ಹಾಡು ಮುಗಿಯುವವರೆಗೆ ಹೊದಿಕೆಯೊಳಗಿನ ಬೆರಳು ತಾಳ ಹಾಕಿತು. ಆಮೇಲೆ ಗೊರಕೆ.

ಮೆಣಸಿನ ಕೈಗಳು ಇನ್ನೂ ಸೊಂಟದ ಮೇಲೇ ಇದ್ದವು. ಜಗಳವಾಡಲು ಅಲ್ಲಿ ಯಾರೂ ಇರಲಿಲ್ಲ. ಬೆಣ್ಣೆ ಬಾಗಿಲು ತೆಗೆದು, ತನಗಿಂತ ಉದ್ದದ ಬೆಡ್‌ಶೀಟನ್ನು ಎಳೆದು ತೆಗೆಯುತ್ತಿದ್ದ. ಸಹಾಯ ಮಾಡಲು ಮುಂದೆ ಹೋದವಳು ನಿಂತಳು. ಅವನು ಕೇಳುವವರೆಗೆ ಕಾದಳು.

"ಅಕ್ಕಾ, ಒಂದು ತುದಿ ಹಿಡ್ಕೋ" ಎಂದ ಬೆಣ್ಣೆ.

ಮೆಣಸು ಒಂದು ತುದಿ ಹಿಡಿದುಕೊಂಡಳು. ಅಪ್ಪನ ಪ್ಯಾಂಟುಗಳನ್ನು ಪಕ್ಕಕ್ಕೆ ಸರಿಸಿ, ಇಬ್ಬರೂ ಅದನ್ನು ತಂತಿಯ ಮುಂಭಾಗದಲ್ಲೇ ಹರವಿದರು.